ನಿಲ್ಲಿಸಿಟ್ಟ ಆಟ

ರಾಜನನ್ನು ಮೂಲೆಗೆ ಸರಿಸಿದರೂ ಸೋಲೇ.

ಅಂಜೋರ್ ರಾಜನನ್ನು ಕಿತ್ತು ಮೊದಲಿದ್ದ ಮನೆಯಲ್ಲೇ ಚುಚ್ಚಿದ. ಅಂಗೈಯಗಲದ ಚದುರಂಗದ ಮಣೆ ಅದು. ಕಾಯಿಗಳ ಬುಡದಲ್ಲಿ ಸಣ್ಣ ಮೊಳೆ, ಪ್ರತಿ ಮನೆಯ ನಡುವೆ ಒಂದು ತೂತು. ರೈಲಿನಲ್ಲಿ, ಹೋಟೆಲುಗಳ ಹಾಸಿಗೆಯ ಮೇಲೆ, ಒಮ್ಮೆ ಮಾವನ ಶವದ ಹಿಂದೆ ನಡೆಯುವಾಗ ಕೋಟಿನ ಜೇಬಿನೊಳಗೆ ಬೆರಳಿನಲ್ಲೇ ತಡಕುತ್ತ, ಅವನು ಇದರ ಮೇಲೆ ಯೋಚಿಸಿದ್ದಾನೆ. ಕಪ್ಪು ಆನೆಯ ತಲೆ ಸವೆದು ಅದೂ ಒಂದು ಕಾಲಾಳಿನಂತೆ ಕಾಣುತ್ತಿತ್ತು.

ಕೆಳಗೆ ಅಂಗಳದಲ್ಲಿ ಯಾರೋ ಜಮಖಾನ ಬಡಿಯಲು ಶುರುಮಾಡಿದರು. ತಕ್ಷಣ ಎದುರಿನ ಬಾಲ್ಕನಿಯಿಂದ ಒಬ್ಬಳು ಶ್‌ ಎಂದಳು. ಬಡಿತ ನಿಂತಿತು. ಸೊಲೊಲಾಕಿ ಬಡಾವಣೆಯ ಆ ಹಳೆಯ ಕಟ್ಟಡದಲ್ಲಿ ಒಂದೇ ಅಂಗಳ, ಸುತ್ತ ಮರದ ಬಾಲ್ಕನಿಗಳು. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ಔಷಧಿ ಹೇಳುತ್ತಿದ್ದರು. ಇವತ್ತು ಕೆಮ್ಮುವವರೂ ಮೆಲ್ಲಗೆ ಕೆಮ್ಮುತ್ತಿದ್ದರು. ಅಂಜೋರ್‌ನ ಹೆಂಡತಿ ಲಮಾರಾ ಇನ್ನೂ ಮಲಗಿದ್ದಾಳೆ, ಮಧ್ಯಾಹ್ನ ಅವಳ ಆಟ ಮತ್ತೆ ಶುರುವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ನಿನ್ನೆ ಸಂಜೆ ಹೊತ್ತು ಮೀರಿದ್ದರಿಂದ ಆಟವನ್ನು ನಡುವೆ ನಿಲ್ಲಿಸಿದ್ದರು. ಲೆನಿನ್‌ಗ್ರಾಡಿನ ಜಿನೈದಾ ಪಾವ್ಲೊವ್ನಾ ತನ್ನ ಮುಂದಿನ ನಡೆಯನ್ನು ಬರೆದು, ಲಕೋಟೆಗೆ ಹಾಕಿ, ಇವತ್ತು ಒಡೆಯಲೆಂದು ಪಂದ್ಯದ ತೀರ್ಪುಗಾರರ ಕೈಗೆ ಕೊಟ್ಟು ಹೋಗಿದ್ದಳು. ಅದರಲ್ಲಿ ಗುಟ್ಟೇನೂ ಇರಲಿಲ್ಲ. ರಾಜನನ್ನು ಒಂದು ಹೆಜ್ಜೆ ಮುಂದಿಡುವುದು ಬಿಟ್ಟು ಅವಳಿಗೆ ಬೇರೆ ಒಳ್ಳೆಯ ನಡೆ ಇರಲಿಲ್ಲ. ಪ್ರಶ್ನೆ ಇದ್ದದ್ದು ಅದಕ್ಕೆ ಲಮಾರಾ ಏನು ಉತ್ತರ ಕೊಡುವಳೆಂಬುದು.

ಕಪ್ಪು ಕಾಯಿಗಳು ಲಮಾರಾಳವು. ಅವಳ ಕಡೆ ಒಂದು ಕಾಲಾಳು ಕಡಿಮೆ. ಬಿಳಿಯ ಕಾಲಾಳೊಂದು ಮಣೆಯ ಅಂಚಿನಲ್ಲಿ ಯಾರ ಅಡ್ಡಿಯೂ ಇಲ್ಲದೆ ಮುಂದೆ ಬರುತ್ತಿತ್ತು. ಲಮಾರಾಳ ಆನೆ ಅದರ ಹಿಂದೆ ನಿಂತು ಕಾಯುತ್ತಿತ್ತು. ಬಿಳಿಯ ರಾಜ ನಿಧಾನವಾಗಿ ನಡೆದುಬಂದು ಆ ಕಾಲಾಳಿನ ಕೈ ಹಿಡಿದರೆ ಮುಗಿಯಿತು. ಉಳಿಸಿಕೊಂಡರೆ ಡ್ರಾ, ದೇಶದ ತಂಡದಲ್ಲಿ ಅವಳ ಜಾಗ ಅವಳಿಗೇ. ಸೋತರೆ ಕುತಾಯಿಸಿ ಊರಿನ ಒಬ್ಬ ಹುಡುಗಿ ಆ ಕುರ್ಚಿಯಲ್ಲಿ ಕೂರುತ್ತಾಳೆ. ಲಮಾರಾಗೆ ಮೂವತ್ತೊಂಬತ್ತು. ಒಮ್ಮೆ ಎದ್ದರೆ ಮತ್ತೆ ಆ ಕುರ್ಚಿ ಸಿಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಂಜೋರ್ ಗಣಿತ ಕಲಿಸುವವನು. ಹರೆಯದಲ್ಲಿ ಅವನೂ ದೊಡ್ಡ ಆಟಗಾರನಾಗುವನೆಂದು ಜನ ಅಂದುಕೊಂಡಿದ್ದರು. ಕೆಟ್ಟ ಸ್ಥಿತಿಯಲ್ಲಿ ಅವನಷ್ಟು ಗಟ್ಟಿಯಾಗಿ ನಿಲ್ಲುವವನು ಇಡೀ ಜಾರ್ಜಿಯಾದಲ್ಲಿ ಇರಲಿಲ್ಲ. ಪತ್ರಿಕೆಯವರು ಅವನನ್ನು ಗೋಡೆ ಎಂದು ಕರೆದಿದ್ದರು. ಗೋಡೆಯನ್ನು ಸೋಲಿಸುವುದು ಕಷ್ಟ. ಆದರೆ ಗೋಡೆ ಯಾರನ್ನೂ ಗೆಲ್ಲುವುದೂ ಇಲ್ಲ. ಮದುವೆಯಾದ ಮೇಲೆ ತನ್ನ ಆಟ ಬಿಟ್ಟು ಹೆಂಡತಿಯ ಆಟಗಳನ್ನು ಕಾಯತೊಡಗಿದ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ.

ಮೇಲಿನ ಮನೆಯ ಬಾಬುತ್ಸಾ ಬಾಗಿಲು ತಟ್ಟದೆ ಒಳಗೆ ಬಂದಳು. ಕೈಯಲ್ಲಿ ಬಿಸಿ ರೊಟ್ಟಿ, ಬಗಲಲ್ಲಿ ಚೀಸ್‌ ಸುತ್ತಿದ ಬಟ್ಟೆ.

"ಎದ್ಲಾ?"

"ಇಲ್ಲ."

"ಏಳಿಸ್ಬೇಡ. ಹೇಗಿದೆ?"

"ಯಾವುದು?"

"ನನ್ನ ಮಂಡಿನೋವು. ಆಟ ಕಣೋ!"

"ನೋಡ್ತಾ ಇದೀನಿ, ಅತ್ತೆ."

"ನಿನ್ನೆಯಿಂದ ನೋಡ್ತಾನೇ ಇದೀಯ. ಆ ಮುದುಕಿ ಎದುರು ನಮ್ಮ ಹುಡುಗಿ ಸೋತ್ರೆ ನಾನು ರೊಟ್ಟಿ ಅಂಗಡಿ ಸಾಲಲ್ಲಿ ಹೇಗೆ ನಿಲ್ಲಲಿ?"

"ಜಿನೈದಾ ಮುದುಕಿ ಅಲ್ಲ. ಲಮಾರಾಗಿಂತ ಎರಡು ವರ್ಷ ದೊಡ್ಡವಳು, ಅಷ್ಟೇ."

ಬಾಬುತ್ಸಾ ರೊಟ್ಟಿಯನ್ನು ಮೇಜಿನ ಮೇಲಿಟ್ಟಳು. "ಹಾಗಾದ್ರೆ ನಮ್ಮವಳಿಗೂ ವಯಸ್ಸಾಯ್ತು ಅನ್ನು." ಆಮೇಲೆ ಮಣೆಯ ಮೇಲೆ ಬಗ್ಗಿದಳು. "ಇದೇನು, ಈ ಆನೆ ಸುಮ್ನೆ ನಿಂತಿದೆ? ಪಕ್ಕದಲ್ಲಿರೋದನ್ನ ಹೊಡೀಬಾರದಾ?"

"ಅದು ನಮ್ಮದೇ ಕಾಲಾಳು."

"ನಿನ್ನ ಕಾಯಿಗಳೆಲ್ಲ ಒಂದೇ ಥರ ಇವೆ," ಎಂದು ಬೈದು, ರೊಟ್ಟಿಯನ್ನು ಬಟ್ಟೆಯಿಂದ ಮುಚ್ಚಿ ಹೋದಳು.

ಅಂಜೋರ್ ಎದ್ದು ಮಲಗುವ ಕೋಣೆಯ ಬಾಗಿಲಲ್ಲಿ ನಿಂತ. ಲಮಾರಾ ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಹೊದಿಕೆಯಿಂದ ಒಂದು ಪಾದ ಹೊರಗೆ ಬಂದಿತ್ತು. ಹಿಮ್ಮಡಿಯಲ್ಲಿ ಸಣ್ಣ ಬಿರುಕು. ಅವನು ಹೊದಿಕೆ ಎಳೆದು ಪಾದ ಮುಚ್ಚಿದ.

ನಿನ್ನೆ ಊಟವಾದ ಮೇಲೆ ಇಬ್ಬರೂ ಒಂದೇ ಮಂಚದ ಮೇಲೆ, ನಡುವೆ ಮಣೆ ಇಟ್ಟುಕೊಂಡು, ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಚಳಿಯೆಂದು ಅವಳು ತನ್ನ ಪಾದಗಳನ್ನು ಅವನ ತೊಡೆಯ ಕೆಳಗೆ ತೂರಿಸಿದ್ದಳು. ಅವನು ಒಂದು ನಡೆ ಹೇಳಿದರೆ ಅವಳು ಮುರಿಯುತ್ತಿದ್ದಳು, ಇನ್ನೊಂದು ಹೇಳಿದರೆ ಅದನ್ನೂ. ಒಮ್ಮೆ ಇಬ್ಬರ ಕೈಯೂ ಒಟ್ಟಿಗೆ ಆನೆಯತ್ತ ಹೋಗಿ ಬೆರಳು ತಾಗಿದಾಗ ಅವಳು ನಕ್ಕಿದ್ದಳು. ಆ ನಗುವನ್ನು ಅವನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ.

ತಾನು ಸಂತೋಷವಾಗಿದ್ದೇನೆ ಎಂದು ಅವನಿಗೆ ಹೊಳೆಯಿತು. ಅವಳು ಸೋಲುತ್ತಿದ್ದಾಳೆ, ತಾನು ಸಂತೋಷವಾಗಿದ್ದೇನೆ. ನಾಚಿಕೆಯಾಗಿ ಅಡುಗೆಮನೆಗೆ ಬಂದು ಮತ್ತೆ ಮಣೆಯ ಮುಂದೆ ಕೂತ.

ಲಮಾರಾ ಎದ್ದು ಬಂದಾಗ ಅವನು ಪಿಯರ್ ಹಣ್ಣಿನ ಸಿಪ್ಪೆ ತೆಗೆದು ಹೋಳು ಮಾಡಿಟ್ಟಿದ್ದ. ಕಾಫಿ ಉಕ್ಕುವ ಮೊದಲೇ ಇಳಿಸಿದ್ದ. ಅವಳು ಅವನ ಕೋಟನ್ನೇ ಹೆಗಲಿಗೆ ಹಾಕಿಕೊಂಡು ಎದುರಿಗೆ ಕೂತಳು.

"ನಿದ್ದೆ ಮಾಡಿದ್ಯಾ?" ಅವಳು ಕೇಳಿದಳು.

"ಮಾಡ್ದೆ."

"ಸುಳ್ಳು."

"ಸ್ವಲ್ಪ."

"ಏನಾದ್ರೂ ಸಿಕ್ತಾ?"

ಅವನು ಕಿವಿಯ ಹಾಲೆ ಉಜ್ಜಿಕೊಂಡ. "ಹಿಡ್ಕೋಬಹುದು ಅನ್ಸತ್ತೆ. ಆನೆಯನ್ನ ಒಂದೊಂದು ಮನೆ ಹಿಂದೆ ಮುಂದೆ ಆಡಿಸ್ತಾ ಇರೋದು. ಅವಳೇ ಬೇಜಾರಾಗಿ ತಪ್ಪು ಮಾಡ್ಲಿ."

"ಜಿನೈದಾಗೆ ಬೇಜಾರಾಗಲ್ಲ. ಅವಳು ಬೇಜಾರಿನಲ್ಲೇ ಹುಟ್ಟಿದವಳು."

"ಆದ್ರೂ."

"ಆದ್ರೂ," ಎಂದು ಲಮಾರಾ ಅವನ ದನಿಯಲ್ಲೇ ಹೇಳಿ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಅವನು ತೋರಿಸಿದ ನಡೆಗಳನ್ನು ತಲೆ ಬಗ್ಗಿಸಿ ನೋಡಿದಳು. ನಡುನಡುವೆ ಅವನ ಮುಖವನ್ನೂ ನೋಡುತ್ತಿದ್ದಳು. ಅವನು ಅದನ್ನು ಗಮನಿಸಲಿಲ್ಲ. ಬಿಳಿಯ ರಾಜ ಎಷ್ಟು ಬೇಗ ಬರಬಹುದೆಂದು ಎಣಿಸುತ್ತಿದ್ದ. ಯಾವ ದಾರಿ ಹಿಡಿದರೂ ಬಿಳಿಯ ರಾಜ ಮೊದಲು ತಲುಪುತ್ತಿದ್ದ. ಇದು ಸೋತ ಆಟ ಎಂದು ಹೇಳಬೇಕು. ಹೇಳಿದರೆ ಅವಳು ಮಣೆ ಮುಚ್ಚಿಬಿಡುತ್ತಾಳೆ. ಇನ್ನೊಂದು ದಾರಿ ತೋರಿಸಿದ. ಅದೂ ಸುಳ್ಳು.

"ಸಾಕು," ಎಂದಳು ಲಮಾರಾ. "ನನಗೆ ಚಪ್ಪಲಿ ತಗೋಬೇಕು."

"ಇವತ್ತಾ?"

"ಇವತ್ತೇ. ಹೀಲ್ಸ್ ಇರೋದು."

"ಲಮಾರಾ, ಆಟ ಇದೆ."

"ಬರಿಗಾಲಲ್ಲಿ ಆಡ್ಲಾ?"

ಅಂಗಡಿಯಲ್ಲಿ ಬಿಸಿಲು ಗಾಜಿನ ಮೂಲಕ ನೆಲದ ಮೇಲೆ ಬಿದ್ದಿತ್ತು. ಲಮಾರಾ ಸ್ಟೂಲಿನ ಮೇಲೆ ಕೂತು ಒಂದು ಕಾಲಿಗೆ ಕಂದು, ಇನ್ನೊಂದಕ್ಕೆ ಕಪ್ಪು ಹಾಕಿ ಎದ್ದು ನಿಂತಳು. ಅವಳು ಹೀಗೆ ಕಾಲು ನೋಡಿಕೊಂಡು ನಿಂತದ್ದನ್ನು ಅಂಜೋರ್ ಎಂದೂ ನೋಡಿರಲಿಲ್ಲ. ಅಥವಾ ನೋಡಿದ್ದು ನೆನಪಿರಲಿಲ್ಲ. ಮೂಲೆಯಲ್ಲಿ ನಿಂತು ಮಣೆಯನ್ನು ಅಂಗೈಯಲ್ಲಿಟ್ಟುಕೊಂಡಿದ್ದ.

"ಯಾವುದು ಚೆನ್ನಾಗಿದೆ?"

"ಕಪ್ಪು ನಿಲ್ಲಲ್ಲ."

"ಏನು?"

"ಅಲ್ಲ. ಎರಡೂ ಚೆನ್ನಾಗಿವೆ."

ಅಂಗಡಿಯ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಕಂದು ತಗೊಳ್ಳಿ, ಅಕ್ಕಾ. ಗಂಡಸರನ್ನ ಕೇಳಿ ಚಪ್ಪಲಿ ತಗೊಂಡವರು ಉದ್ಧಾರ ಆಗಿಲ್ಲ." ಆಮೇಲೆ ಗುರುತು ಹಿಡಿದು ಕೈ ಇಳಿಸಿದಳು. "ಅಯ್ಯೋ, ನೀವಾ! ನಮ್ಮ ಮನೇಲಿ ನಿನ್ನೆ ಯಾರೂ ಊಟ ಮಾಡಿಲ್ಲ. ಡ್ರಾ ಆದ್ರೂ ಮಾಡಿ, ಪುಣ್ಯ ಬರತ್ತೆ."

"ನೋಡೋಣ," ಎಂದಳು ಲಮಾರಾ.

ಅವಳು ಕಂದು ಚಪ್ಪಲಿಯಲ್ಲೇ ಹೊರಗೆ ಬಂದಳು. ಹಳೆಯದನ್ನು ಪೊಟ್ಟಣ ಕಟ್ಟಿಸಿ ಅಂಜೋರ್‌ನ ಕೈಗೆ ಕೊಟ್ಟಳು.

ಟ್ಯಾಕ್ಸಿಯವನು ಕನ್ನಡಿಯಲ್ಲಿ ಅವಳನ್ನು ನೋಡುತ್ತಲೇ ಗೇರ್ ಬದಲಿಸಿದ. "ಕುದುರೆ ಬಿಡಿ ತಾಯೀ. ಕುದುರೆ ಬಿಟ್ರೆ ಅವಳು ಎದ್ದು ಓಡ್ತಾಳೆ."

"ಕುದುರೆ ಇಲ್ವಲ್ಲಪ್ಪ."

"ಒಂದೂ ಇಲ್ವಾ?"

"ಹೊಡೆದುಬಿಟ್ಲು."

ಟ್ಯಾಕ್ಸಿಯವನು ಉದ್ಯಾನ ಬರುವವರೆಗೂ ಮಾತಾಡಲಿಲ್ಲ. ಇಳಿಯುವಾಗ ಅವಳಿಂದ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. "ಕುದುರೆ ಹೋದ ಮನೆಯಿಂದ ನಾನು ಕಾಸು ತಗೊಳ್ಳಲ್ಲ," ಎಂದು ಗಾಡಿ ತಿರುಗಿಸಿದ. ಲಮಾರಾ ನಕ್ಕು ನಕ್ಕು ಅಂಜೋರ್‌ನ ತೋಳು ಹಿಡಿದುಕೊಂಡಳು. ಅವನೂ ನಕ್ಕ. ಹಿಡಿದ ತೋಳನ್ನು ಅವಳು ಬಿಡಲಿಲ್ಲ. ಹಾಗೇ ನಡೆದರು.

ಪಂದ್ಯದ ಸಭಾಭವನ ಉದ್ಯಾನದ ಒಳಗೆ. ಇನ್ನೂ ಹೊತ್ತಿತ್ತು. ಲಿಂಡನ್ ಮರದ ಕೆಳಗೆ ಬೆಂಚಿನ ಮೇಲೆ ಕೂತರು. ಹೊಸ ಚಪ್ಪಲಿ ಆಗಲೇ ಕಚ್ಚುತ್ತಿತ್ತು. ಅವಳು ಒಂದನ್ನು ಅರ್ಧ ಬಿಚ್ಚಿ ಕಾಲ್ಬೆರಳ ಮೇಲೆ ತೂಗಾಡಿಸಿದಳು.

"ಅಂಜೋರ್, ಇದು ಸೋತಿದೆ ಅಂತ ನಿನಗೆ ಅನ್ಸಿದೆ. ಅಲ್ವಾ?"

"ಹಾಗೇನಿಲ್ಲ."

"ನೀನು ಕಿವಿ ಉಜ್ಜಿಕೊಂಡೆ, ಬೆಳಿಗ್ಗೆ."

ಅವನು ಕಿವಿಯತ್ತ ಹೋಗುತ್ತಿದ್ದ ಕೈಯನ್ನು ಇಳಿಸಿದ.

"ಮಣೆ ಕೊಡು."

ಅವಳು ಮಣೆಯನ್ನು ಮಂಡಿಯ ಮೇಲಿಟ್ಟುಕೊಂಡು ಬಿಳಿಯ ರಾಜನನ್ನು ಒಂದು ಹೆಜ್ಜೆ ಇಟ್ಟಳು. ಆಮೇಲೆ ನಡುವಿನ ತನ್ನ ಕಾಲಾಳನ್ನು ಕಿತ್ತು ಒಂದು ಮನೆ ಮುಂದೆ ಚುಚ್ಚಿದಳು.

"ಹೊಡೀತಾಳೆ," ಎಂದ ಅಂಜೋರ್.

"ಹೊಡೀಲಿ."

"ಆಗ ಎರಡು ಕಾಲಾಳು ಕಡಿಮೆ."

"ಹೌದು. ಆದ್ರೆ ಈ ಅಡ್ಡಸಾಲು ಖಾಲಿ ಆಯ್ತು ನೋಡು. ನನ್ನ ಆನೆ ಅದರ ಹಿಂದೆ ನಿಂತು ಕಾಯೋದನ್ನ ಬಿಟ್ಟು ಪಕ್ಕಕ್ಕೆ ಬರತ್ತೆ. ಅವಳ ರಾಜ ಕಾಲಾಳಿನ ಹತ್ರ ಬಂದಾಗೆಲ್ಲ ಪಕ್ಕದಿಂದ ಚೆಕ್. ದೂರ ಹೋದ್ರೆ ಕಾಲಾಳಿಗೇ ಗುರಿ. ಅವಳ ಆನೆ ಮೂಲೆ ಬಿಟ್ಟು ಅಲ್ಲಾಡೋ ಹಾಗಿಲ್ಲ. ಅಷ್ಟೇ."

ಅಂಜೋರ್ ಮಣೆಯನ್ನು ಅವಳ ಮಂಡಿಯಿಂದ ಎತ್ತಿಕೊಂಡ. ಬಿಳಿಯ ಪರವಾಗಿ ಒಂದು ದಾರಿ ಹುಡುಕಿದ, ಚೆಕ್. ಇನ್ನೊಂದು; ಮತ್ತೆ ಚೆಕ್. ರಾಜನನ್ನು ಸುತ್ತು ಹಾಕಿಸಿ ತಂದ. ಆನೆ ಪಕ್ಕದಲ್ಲಿ ಶಾಂತವಾಗಿ ಕಾದಿತ್ತು. ನಿಲ್ಲುತ್ತದೆ. ಎಷ್ಟು ಸರಳವಾಗಿ ನಿಲ್ಲುತ್ತದೆ! ಅವನು ಪ್ರತಿಯೊಂದು ಕಾಲಾಳನ್ನೂ ಉಳಿಸಲು ನೋಡಿದ್ದ. ಈಗಾಗಲೇ ಒಂದು ಕಡಿಮೆ ಇರುವಾಗ ಇನ್ನೊಂದನ್ನು ತಾನಾಗಿ ಕೊಟ್ಟುಬಿಡುವುದು ಅವನ ಯೋಚನೆಯ ಹತ್ತಿರವೂ ಸುಳಿದಿರಲಿಲ್ಲ.

"ಯಾವಾಗ ಹೊಳೀತು?"

"ನಿನ್ನೆ."

"ನಿನ್ನೆ ಯಾವಾಗ?"

"ಆಟ ನಿಲ್ಲಿಸಿದ ಮೇಲೆ. ಕೋಟು ಹಾಕ್ಕೋತಾ ಇದ್ದೆ. ಒಂದು ತೋಳು ಹಾಕಿ ಆಗಿತ್ತು."

"ಮತ್ತೆ ರಾತ್ರಿ ನಾನು..."

"ಗೊತ್ತು."

"ಹೇಳ್ಬಹುದಿತ್ತಲ್ಲ, ಲಮಾರಾ."

"ಹೇಳಿದ್ರೆ ನೀನು 'ಸರಿಯಾಗಿದೆ' ಅಂದು ಮಲಗಿಬಿಡ್ತಿದ್ದೆ."

ದೂರದಲ್ಲಿ ಯಾರೋ ಸೂರ್ಯಕಾಂತಿ ಬೀಜ ಮಾರುತ್ತ ಕೂಗುತ್ತಿದ್ದರು. ಲಮಾರಾ ಚಪ್ಪಲಿಯೊಳಗೆ ಕಾಲು ತೂರಿಸಿದಳು.

"ಹೋದ ತಿಂಗಳು ಮಿನ್ಸ್ಕಿನಲ್ಲಿ ಗೆದ್ದು ಬಂದೆನಲ್ಲ. ನೀನು ಏನು ಮಾಡ್ದೆ, ಹೇಳು."

"ನಿಲ್ದಾಣಕ್ಕೆ ಬಂದಿದ್ದೆ. ಹೂವು ತಂದಿದ್ದೆ."

"ತಂದಿದ್ದೆ. ಆಮೇಲೆ?"

ಅವನು ನೆನಪಿಸಿಕೊಳ್ಳಲು ನೋಡಿದ. ಆ ಪಂದ್ಯದಲ್ಲಿ ಅವಳು ಆಡಿದ ಪ್ರತಿ ನಡೆಯೂ ನೆನಪಿತ್ತು. ಆ ಸಂಜೆ ಇರಲಿಲ್ಲ.

"ಆಮೇಲೆ ಏನೂ ಇಲ್ಲ," ಎಂದಳು ಲಮಾರಾ. "ನೀನು ಪೇಪರ್ ಓದ್ದೆ. ನಾನು ಬಟ್ಟೆ ಒಗೆದೆ. ಊಟಕ್ಕೆ ಉಪ್ಪು ಬೇಕಾ ಅಂತ ಕೇಳ್ದೆ. ನಾನು ಕಷ್ಟದಲ್ಲಿದ್ರೆ ಮಾತ್ರ ನೀನು ನನ್ನ ಹತ್ರ ಕೂರ್ತೀಯ, ಅಂಜೋರ್. ಗೆದ್ರೆ ಎದ್ದು ಹೋಗ್ತೀಯ."

ಅವನು ಮಣೆಯ ಅಂಚನ್ನು ಉಗುರಿನಿಂದ ಕೆರೆದ.

"ಕೋಪ ಅಲ್ಲ," ಎಂದು ಅವಳು ಅವನ ಮಫ್ಲರಿನ ತುದಿಯನ್ನು ಕೋಟಿನೊಳಗೆ ಸೇರಿಸಿದಳು. "ನಿನ್ನೆ ರಾತ್ರಿ ತುಂಬ ಚೆನ್ನಾಗಿತ್ತು. ಪಾದ ಬೆಚ್ಚಗಿತ್ತು. ಅದಕ್ಕೇ ಹೇಳಲಿಲ್ಲ. ನಾನೂ ಕಳ್ಳಿಯೇ."

ಏನಾದರೂ ಹೇಳಬೇಕಿತ್ತು. ಬೇಕಾದ ಮಾತು ಎಲ್ಲೋ ಹತ್ತಿರದಲ್ಲೇ ಇದೆ, ಕೈ ಚಾಚಿದರೆ ಸಿಗುತ್ತದೆ ಎನ್ನಿಸಿತು. ಅವನು ಮಣೆಯನ್ನು ಮಡಚಿ ಜೇಬಿಗಿಟ್ಟ.

"ಇವತ್ತು ಡ್ರಾ ಆದ್ರೆ ರಾತ್ರಿ ಏನು ಮಾಡೋಣ?" ಲಮಾರಾ ಕೇಳಿದಳು. ತಮಾಷೆಯಾಗಿ ಕೇಳಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಅಂಜೋರ್ ನಿಜವಾಗಿಯೂ ಯೋಚಿಸಿದ. ರಾತ್ರಿ. ದೀಪ. ಮೇಜು. ಮೇಜಿನ ಆ ಕಡೆ ಅವಳು. ಮುಂದೆ ಏನೂ ಕಾಣಲಿಲ್ಲ.

"ಊಟ ಮಾಡೋಣ," ಎಂದ.

ಲಮಾರಾ ನಕ್ಕಳು. ಒಳ್ಳೆಯ ನಗುವೇ. ಬಗ್ಗಿ ಅವನ ಹಣೆಗೆ ಮುತ್ತಿಟ್ಟು ಎದ್ದಳು.

"ಮೊದಲು ಲಕೋಟೆಯಲ್ಲಿ ರಾಜನ ನಡೆಯೇ ಇದೆಯಾ ನೋಡ್ಕೋ," ಎಂದ ಅವನು ಅವಸರದಿಂದ. "ಬೇರೆ ಏನಾದ್ರೂ ಬರೆದಿದ್ರೆ ಕಾಲಾಳು ತಳ್ಳಬೇಡ."

"ಹೂಂ."

"ನಿಧಾನ ಮಾಡು. ಗಡಿಯಾರದಲ್ಲಿ ಹೊತ್ತಿದೆ."

"ಹೂಂ, ಕಣೋ."

ಕಂದು ಚಪ್ಪಲಿಯಲ್ಲಿ ಸ್ವಲ್ಪ ಕುಂಟುತ್ತ ಅವಳು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಒಬ್ಬ ಮುದುಕ ಟೋಪಿ ತೆಗೆದ.

ಅಂಜೋರ್ ಹಿಂದಿನ ಸಾಲಿನಲ್ಲಿ ಕೂತ. ಲಕೋಟೆ ಒಡೆದರು. ರಾಜನ ನಡೆಯೇ ಇತ್ತು. ಲಮಾರಾ ಒಂದು ಕ್ಷಣವೂ ತಡೆಯದೆ ಕಾಲಾಳನ್ನು ತಳ್ಳಿ ಗಡಿಯಾರ ಒತ್ತಿದಳು. ಸಭೆಯಲ್ಲಿ ಉಸಿರು ಎಳೆದುಕೊಂಡ ಸದ್ದು. ಜಿನೈದಾ ಪಾವ್ಲೊವ್ನಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಾಲಾಳನ್ನು ಹೊಡೆದಳು. ಲಮಾರಾ ಆನೆಯನ್ನು ಸರಿಸಿದಳು.

ಅವಳು ಸಭೆಯತ್ತ ನೋಡಲಿಲ್ಲ. ಬೆನ್ನು ನೆಟ್ಟಗಿತ್ತು, ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿದ್ದಳು. ಅವಳಿಗೆ ಈಗ ಯಾರೂ ಬೇಕಿರಲಿಲ್ಲ. ಅಂಜೋರ್‌ಗೆ ಹೆಮ್ಮೆಯಾಯಿತು, ಆದರೆ ಅಲ್ಲಿ ಕೂತಿರಲಾಗಲಿಲ್ಲ. ಪಕ್ಕದವರ ಮಂಡಿಗಳನ್ನು ದಾಟಿಕೊಂಡು ಹೊರಗೆ ಬಂದ.

ಒಳಗೆ ಜಾಗ ಸಿಗದವರು ಭವನದ ಹೊರಗೋಡೆಯ ಮುಂದೆ ಗುಂಪಾಗಿ ನಿಂತಿದ್ದರು. ಗೋಡೆಗೆ ಬಾಗಿಲಗಲದ ಮಣೆಯೊಂದನ್ನು ತೂಗುಹಾಕಿದ್ದರು. ಒಳಗಿನಿಂದ ಸುದ್ದಿ ಬಂದ ಹಾಗೆ ಒಬ್ಬ ಮುದುಕ ಉದ್ದ ಕೋಲಿನಿಂದ ಕಾಯಿಗಳನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸುತ್ತಿದ್ದ. ಗಾಳಿ ಬೀಸುತ್ತಿತ್ತು, ಕೋಲು ನಡುಗುತ್ತಿತ್ತು. ಅವನು ಕಪ್ಪು ಆನೆಯನ್ನು ಎತ್ತಿ ಒಂದು ಮನೆ ಈಚೆ ಸಿಕ್ಕಿಸಿ, ಬೆವರು ಒರೆಸಿಕೊಂಡ.

"ಅಯ್ಯೋ, ಇದೇನು ಮಾಡಿಬಿಟ್ಲು!" ಎಂದಿತು ಗುಂಪು.

ಆನೆ ತಪ್ಪು ಮನೆಯಲ್ಲಿತ್ತು, ಒಳಗೆ ಲಮಾರಾ ಇಟ್ಟದ್ದು ಪಕ್ಕದ ಮನೆಗೆ. ಅಲ್ಲಿಂದ ಅಡ್ಡಸಾಲು ಸಿಗುವುದಿಲ್ಲ, ಚೆಕ್ ಇಲ್ಲ, ಗುರಿ ಇಲ್ಲ. ಎರಡು ಕಾಲಾಳು ಸುಮ್ಮನೆ ಕೊಟ್ಟ ಹಾಗೆ. ಒಂದು ಮಾತು ಕೂಗಿ ಹೇಳಿದರೆ ಸಾಕಿತ್ತು. ಅಂಜೋರ್ ಕೈ ಎತ್ತಿದ.

"ಅವಳ ಗಂಡ! ದಾರಿ ಬಿಡ್ರೋ," ಎಂದರು ಯಾರೋ. ಗುಂಪು ಸರಿದು ಅವನನ್ನು ಮುಂದಕ್ಕೆ ತಳ್ಳಿತು. ಯಾವುದೋ ಕೈ ಅವನ ಬೆನ್ನ ಮೇಲೆ ಕೂತಿತು.

"ಹೇಳಿ ಅಂಜೋರ್ ಅಣ್ಣಾ. ಇದಕ್ಕೇನಾದ್ರೂ ದಾರಿ ಇದೆಯಾ? ಎಲ್ಲ ಮುಗೀತಾ?"

ಅವರ ಮುಖಗಳನ್ನು ನೋಡಿದ. ಎಲ್ಲರಿಗೂ ನೋಯುತ್ತಿತ್ತು. ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು.

ಗೋಡೆಯ ಆಚೆ, ಒಳಗೆ, ಒಮ್ಮೆಲೇ ಚಪ್ಪಾಳೆ ಎದ್ದಿತು. ಯಾರಿಗೆಂದು ತಿಳಿಯಲಿಲ್ಲ. ಗುಂಪು ಬಾಗಿಲ ಕಡೆ ತಿರುಗಿತು, ಕೆಲವರು ಓಡಿದರು. ಕೋಲಿನ ಮುದುಕ ಬಾಯಿ ತೆರೆದು ಆ ಕಡೆ ನೋಡುತ್ತ ನಿಂತ. ಗಾಳಿಗೆ ದೊಡ್ಡ ಮಣೆಯ ಕಾಯಿಗಳು ಕೊಕ್ಕೆಯಲ್ಲಿ ಟಕಟಕ ಎಂದವು.

ಅಂಜೋರ್ ತಿರುಗಲಿಲ್ಲ. ಟೋಪಿಯನ್ನು ಹಿಂದಕ್ಕೆ ಸರಿಸಿ, ಇನ್ನೂ ಎರಡು ಹೆಜ್ಜೆ ಮಣೆಯ ಹತ್ತಿರ ಹೋಗಿ, ಎಲ್ಲೂ ನಡೆಯದ ಆ ಆಟವನ್ನು ಮೇಲಿನ ಸಾಲಿನಿಂದ ನೋಡತೊಡಗಿದ.

"ಸ್ವಲ್ಪ ತಡೀರಿ," ಎಂದ, ಪಕ್ಕದಲ್ಲಿ ಯಾರೂ ಇರಲಿಲ್ಲ. "ಇದನ್ನ ಉಳಿಸ್ಬಹುದು."